ಒದ್ದೆ ಬಂಡೆ ದಾರಿಗೆ ಮುಂದೆ ಅಸೆಗಾಯ್, ಹಿಂದೆ ಡಿಎಚ್‌ಆರ್ 2: ಹೆಸರು ನೋಡಿದರೆ ಸಾಲದು, ಸಣ್ಣ ಅಕ್ಷರವನ್ನೂ ಓದಿ

ಮಳೆಯಲ್ಲಿ ನೆನೆದ ಬಂಡೆಯ ಮೇಲೆ ಮೌಂಟನ್ ಬೈಕಿನ (ಬೆಟ್ಟದ ಸೈಕಲ್ಲಿನ) ಟೈರ್ ಜಾರಿತೆಂದರೆ ಹೆಚ್ಚಿನವರ ಕಣ್ಣು ಹೋಗುವುದು ನಾಬ್‌ಗಳ, ಅಂದರೆ ಟೈರಿನ ಮೇಲಿನ ರಬ್ಬರ್ ಗುಬ್ಬಿಗಳ, ಎತ್ತರದ ಕಡೆಗೆ. ಕೆಸರಿನಲ್ಲಿ ಎತ್ತರದ ನಾಬ್ ನೆಲಕ್ಕೆ ಚುಚ್ಚಿಕೊಂಡು ಹಿಡಿಯುತ್ತದೆ, ಅದು ನಿಜ. ಆದರೆ ಬಂಡೆಗೆ ಚುಚ್ಚಲಾಗದು. ಅಲ್ಲಿ ರಬ್ಬರ್ ಮೆತ್ತಗಿದ್ದು, ಕಲ್ಲಿನ ತರಿತರಿಯೊಳಗೆ ಇಳಿದು ಕೂತರೆ ಮಾತ್ರ ಹಿಡಿತ. ಕೆಸರಿಗೆಂದೇ ಮಾಡಿದ ಮೊನಚು ನಾಬ್‌ನ ಟೈರನ್ನು ಒದ್ದೆ ಬಂಡೆಗೆ ತಂದರೆ ಉದ್ದ ನಾಬ್‌ಗಳು ಬಾಗಿ ಮಡಚಿ, ಚಕ್ರ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಇಂಥ ದಾರಿಗೆ ಟೈರ್ ಆರಿಸುವಾಗ ಮೊದಲು ರಬ್ಬರ್, ಆಮೇಲೆ ಕೇಸಿಂಗ್ (ಟೈರಿನ ಬಟ್ಟೆಯ ಒಡಲು), ಮೂರನೆಯದಾಗಿ ನಾಬ್‌ಗಳ ವಿನ್ಯಾಸ ನೋಡಬೇಕು.

ಈ ಲೆಕ್ಕದಲ್ಲಿ ನಾವು ಧೈರ್ಯವಾಗಿ ಹೇಳಬಹುದಾದ ಜೋಡಿ: ಮುಂದಿನ ಚಕ್ರಕ್ಕೆ ಮ್ಯಾಕ್ಸಿಸ್ ಅಸೆಗಾಯ್ 29x2.5 (ಇಂಚಿನಲ್ಲಿ ವ್ಯಾಸ, ಅಗಲ), 3ಸಿ ಮ್ಯಾಕ್ಸ್‌ಗ್ರಿಪ್ ರಬ್ಬರ್, ಎಕ್ಸೋ ಪ್ಲಸ್ ಕೇಸಿಂಗ್. ಹಿಂದಿನದಕ್ಕೆ ಅದೇ ಕಂಪನಿಯ ಮಿನಿಯನ್ ಡಿಎಚ್‌ಆರ್ 2, 29x2.4, 3ಸಿ ಮ್ಯಾಕ್ಸ್‌ಟೆರಾ ರಬ್ಬರ್, ಡಬಲ್‌ಡೌನ್ ಕೇಸಿಂಗ್. ಇಷ್ಟುದ್ದ ಹೇಳಲು ಕಾರಣವಿದೆ. ಅಸೆಗಾಯ್ ಅನ್ನುವ ಒಂದೇ ಹೆಸರಿನಲ್ಲಿ ಗಟ್ಟಿ ರಬ್ಬರಿನದೂ ಮೆತ್ತನೆಯದೂ, ತೆಳು ಗೋಡೆಯದೂ ದಪ್ಪ ಗೋಡೆಯದೂ ಸಿಗುತ್ತವೆ. ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ. ಹೆಸರು ಕೇಳಿ ಅಗ್ಗದ್ದನ್ನು ಕೊಂಡು, ಒದ್ದೆ ಕಲ್ಲಿನ ಮೇಲೆ ಜಾರಿ, 'ಈ ಟೈರೇ ಸರಿಯಿಲ್ಲ' ಅನ್ನುವವರ ಕೈಯಲ್ಲಿ ಬಹುಪಾಲು ಡ್ಯುಯಲ್ (ಎರಡೇ ಬಗೆಯ, ಗಟ್ಟಿ) ರಬ್ಬರಿನ ಟೈರ್ ಇರುತ್ತದೆ.

ಮ್ಯಾಕ್ಸ್‌ಗ್ರಿಪ್ ರಬ್ಬರನ್ನು ಉಗುರಿನಿಂದ ಒತ್ತಿ ಬಿಟ್ಟು ನೋಡಿ, ಗುರುತು ಮಾಯವಾಗಲು ಸ್ವಲ್ಪ ಹೊತ್ತು ಬೇಕು. ಈ ನಿಧಾನವೇ ಒದ್ದೆ ಬಂಡೆಯಲ್ಲಿ ಕಾಯುವುದು. ಬೇಗ ಪುಟಿಯುವ ರಬ್ಬರ್ ಕಲ್ಲಿಗೆ ಬಡಿದು ಹಾರಿದರೆ, ಇದು ಅಂಟಿಕೊಂಡು ಉರುಳುತ್ತದೆ. 3ಸಿ ಅಂದರೆ ಒಂದೇ ಟೈರಿನಲ್ಲಿ ಮೂರು ಬಗೆಯ ರಬ್ಬರ್: ಬುಡದಲ್ಲಿ ಗಟ್ಟಿಯದು, ಮೇಲೆ ನಡುವಿಗೆ ಒಂದು, ಅಂಚಿಗೆ ಇನ್ನೂ ಮೆತ್ತನೆಯದು. ಇದಕ್ಕೆ ತೆರಬೇಕಾದ ಬೆಲೆ ಎರಡು. ಸಮತಟ್ಟು ದಾರಿಯಲ್ಲೂ ಏರಿನಲ್ಲೂ ಟೈರ್ ಭಾರವಾಗಿ ಎಳೆಯುತ್ತದೆ, ಮತ್ತು ಬೇಗ ಸವೆಯುತ್ತದೆ. ಎಳೆತವೂ ಸವೆತವೂ ಹೆಚ್ಚಾಗಿ ಹಿಂದಿನ ಚಕ್ರದ ಪಾಲು, ತಿರುವಿನಲ್ಲಿ ಬೀಳಿಸುವುದು ಹೆಚ್ಚಾಗಿ ಮುಂದಿನದು. ಅದಕ್ಕೇ ಮೆತ್ತನೆಯದು ಮುಂದೆ, ಒಂದು ಮೆಟ್ಟಿಲು ಗಟ್ಟಿಯದಾದ ಮ್ಯಾಕ್ಸ್‌ಟೆರಾ ಹಿಂದೆ.

ದಕ್ಷಿಣ ಆಫ್ರಿಕಾದ ಡೌನ್‌ಹಿಲ್ (ಬೆಟ್ಟದಿಳಿತದ ಸೈಕಲ್ ಓಟ) ಚಾಂಪಿಯನ್ ಗ್ರೆಗ್ ಮಿನಾರ್ ಜೊತೆ ಸೇರಿ ರೂಪಿಸಿದ ಟೈರ್ ಅಸೆಗಾಯ್. ಇದರ ನಡುವಿನ ಸಾಲಿಗೂ ಅಂಚಿನ ಸಾಲಿಗೂ ಮಧ್ಯೆ ಖಾಲಿ ಜಾಗ ಬಿಡದೆ ನಾಬ್ ತುಂಬಿದ್ದಾರೆ. ಹಳೆಯ ಮಿನಿಯನ್ ಡಿಎಚ್‌ಎಫ್‌ನಲ್ಲಿ ಸೈಕಲ್ ಬಾಗಿಸುವಾಗ ಅಂಚಿನ ನಾಬ್ ತಾಗುವ ತನಕ ಒಂದು ಗಳಿಗೆ ಏನೂ ಹಿಡಿಯದಂತೆ ಅನಿಸುತ್ತದೆ. ಧೈರ್ಯವಾಗಿ ಬಾಗಿಸುವವರಿಗೆ ಅದು ತೊಂದರೆಯಲ್ಲ. ಒದ್ದೆ ಕಲ್ಲಿನ ಮೇಲೆ ಯಾರೂ ಅಷ್ಟು ಬಾಗಿಸುವುದಿಲ್ಲವಾದ್ದರಿಂದ ಇಲ್ಲಿ ಅಸೆಗಾಯ್ ಮೇಲುಗೈ. ಒತ್ತೊತ್ತಾಗಿ ನಾಬ್ ಇರುವುದರಿಂದಲೇ ಅಂಟು ಜೇಡಿಮಣ್ಣು ಇದರಲ್ಲಿ ಕಚ್ಚಿಕೊಳ್ಳುತ್ತದೆ, ಬೇಗ ಉದುರುವುದಿಲ್ಲ. ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಸರೇ ಇದ್ದರೆ ಈ ಟೈರ್ ಬೇಡ. ಡಿಎಚ್‌ಆರ್ 2ರ ನಡುವಿನ ನಾಬ್‌ಗಳು ಸಲಿಕೆಯಂತೆ ಅಗಲ, ಬ್ರೇಕ್ ಹಿಡಿದಾಗ ನೆಲಕ್ಕೆ ಊರಿಕೊಳ್ಳುತ್ತವೆ. ಇಳಿಜಾರಿನಲ್ಲಿ ಹಿಂದಿನ ಚಕ್ರದಿಂದ ಬೇಕಾದ್ದು ಅದೇ.

ಇನ್ನು ಬಾಳಿಕೆ. ಒದ್ದೆಯಲ್ಲಿ ಟೈರ್ ಹೆಚ್ಚು ಕೊಯ್ದುಕೊಳ್ಳುವುದು ಬರೀ ಭ್ರಮೆಯಲ್ಲ. ನೀರು ಚೂಪು ಅಂಚಿಗೂ ರಬ್ಬರಿಗೂ ನಡುವಿನ ಉಜ್ಜಾಟ ಕಡಿಮೆ ಮಾಡುತ್ತದೆ, ಕಲ್ಲು ಸಲೀಸಾಗಿ ಒಳಹೊಗುತ್ತದೆ. ಪ್ರಯೋಗಾಲಯದಲ್ಲಿ ರಬ್ಬರ್ ಬಿರಡೆ ಕೊರೆಯುವ ನಳಿಗೆಗೆ ಗ್ಲಿಸರಿನ್ ಹಚ್ಚುವುದೂ ಇದೇ ಕಾರಣಕ್ಕೆ. ಎಕ್ಸೋ ಕೇಸಿಂಗ್‌ನಲ್ಲಿ ಒಂದೇ ಪದರದ ಬಟ್ಟೆಗೆ ಪಕ್ಕದಲ್ಲಿ ರಕ್ಷಣೆಯ ಹೊದಿಕೆ ಇರುತ್ತದೆ, ಎಕ್ಸೋ ಪ್ಲಸ್ ಅದಕ್ಕಿಂತ ಕೊಂಚ ಗಟ್ಟಿ. ಡಬಲ್‌ಡೌನ್‌ನಲ್ಲಿ 120 ಟಿಪಿಐ ಬಟ್ಟೆ ಎರಡು ಪದರ, ಡಿಎಚ್ ಎಂಬ ಕೇಸಿಂಗ್‌ನಲ್ಲಿ 60 ಟಿಪಿಐ ಬಟ್ಟೆ ಎರಡು ಪದರ. ಟಿಪಿಐ ಅಂದರೆ ಒಂದು ಇಂಚಿನಲ್ಲಿರುವ ಎಳೆಗಳ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಟೈರ್ ಗಟ್ಟಿ ಎಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. 120ರ ಎಳೆ ತೆಳು, ಟೈರ್ ಚೆನ್ನಾಗಿ ಬಾಗುತ್ತದೆ. 60ರ ಎಳೆ ದಪ್ಪ, ಕಡಿತಕ್ಕೆ ಹೆಚ್ಚು ತಡೆಯುತ್ತದೆ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು, ಕಲ್ಲಿನ ಹೊಡೆತವನ್ನು ಹೆಚ್ಚು ತಿನ್ನುವುದೂ ಅದೇ. ಅಲ್ಲಿ ಡಬಲ್‌ಡೌನ್‌ಗಿಂತ ತೆಳುವಾದದ್ದು ಹಾಕಿ ತೂಕ ಉಳಿಸಲು ಹೋಗಬೇಡಿ.

ಬೇರೆ ಕಂಪನಿಗಳಲ್ಲೂ ಇದೇ ತರ್ಕ. ಶ್ವಾಲ್ಬೆ ಮ್ಯಾಜಿಕ್ ಮೇರಿ ಬೇಕಿದ್ದರೆ ಅಡಿಕ್ಸ್ ಅಲ್ಟ್ರಾ ಸಾಫ್ಟ್ ರಬ್ಬರಿನದು ಮುಂದಕ್ಕೆ ಸರಿ, ಅದರ ಗುರುತು ನೇರಳೆ ಬಣ್ಣದ ಗೆರೆ. ಕಿತ್ತಳೆ ಗೆರೆಯ ಸಾಫ್ಟ್ ಹಿಂದಕ್ಕೆ, ಸೂಪರ್ ಗ್ರಾವಿಟಿ ಕೇಸಿಂಗ್‌ನಲ್ಲಿ. ಮೇರಿಯ ನಾಬ್‌ಗಳ ನಡುವೆ ಅಂತರ ಹೆಚ್ಚು, ಕಲ್ಲೂ ಕೆಸರೂ ಬೆರೆತ ದಾರಿಗೆ ಅಸೆಗಾಯ್‌ಗಿಂತ ವಾಸಿ. ಇದರ ರೇಡಿಯಲ್ (ಬಟ್ಟೆಯ ಎಳೆಗಳು ಹೆಚ್ಚು ಅಡ್ಡವಾಗಿ ಹಾಯುವ) ಮಾದರಿಯಲ್ಲಿ ಅದೇ ಗಾಳಿಗೆ ನೆಲಕ್ಕೆ ತಾಗುವ ಜಾಗ ದೊಡ್ಡದು, ಹಿಡಿತ ಕಣ್ಣಿಗೆ ಕಾಣುವಷ್ಟು ಹೆಚ್ಚು. ಆದರೆ ಮಾಮೂಲಿಗಿಂತ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ಹಾಕದಿದ್ದರೆ ತಿರುವಿನಲ್ಲಿ ತೊನೆಯುತ್ತದೆ. ಕಾಂಟಿನೆಂಟಲ್‌ನಲ್ಲಿ ಬಂಡೆಗೆ ಕ್ರಿಪ್ಟೋಟಲ್, ಮೆತ್ತನೆಯ ಮಣ್ಣಿಗೆ ಆರ್ಗೋಟಲ್. ಎಂಡ್ಯೂರೆನ್ಸ್ ಎಂದು ಬರೆದ ರಬ್ಬರ್ ಬಹಳ ಕಾಲ ಬಾಳುತ್ತದೆ, ಆದರೆ ಪಾಚಿ ಕಟ್ಟಿದ ಬಂಡೆಗೆ ಅದು ಬೇಡವೇ ಬೇಡ. ಸೂಪರ್‌ಸಾಫ್ಟ್ ಅಥವಾ ಸಾಫ್ಟ್ ಇರಲಿ.

ಎಷ್ಟು ಒಳ್ಳೆಯ ಟೈರ್ ಆದರೂ ಗಾಳಿ ತಪ್ಪಿದರೆ ವ್ಯರ್ಥ. ಸಾಮಾನು ಸೇರಿ 75 ಕಿಲೋ ಇರುವ ಸವಾರರು ಮುಂದೆ 22, ಹಿಂದೆ 25 ಪಿಎಸ್‌ಐ ಇಂದ ಶುರು ಮಾಡಬಹುದು. ತೂಕ 10 ಕಿಲೋ ಹೆಚ್ಚಿದರೆ ಒಂದು, ಒಂದೂವರೆ ಪಿಎಸ್‌ಐ ಏರಿಸಿ. ತೀರಾ ಒದ್ದೆಯಿದ್ದ ದಿನ ಮುಂದೆ ಒಂದು ಪಿಎಸ್‌ಐ ಇಳಿಸಿ ನೋಡಿ. ರಿಮ್ ಕಲ್ಲಿಗೆ 'ಟಣ್' ಎಂದು ಪದೇ ಪದೇ ಬಡಿದರೆ ಗಾಳಿ ಕಡಿಮೆಯಾಯಿತೆಂದೇ ಅರ್ಥ. ಆಗ ಟೈರ್ ರಿಮ್ಮಿನ ಅಂಚಿಗೂ ಕಲ್ಲಿಗೂ ಸಿಕ್ಕಿ ಬೀಡ್ (ರಿಮ್ಮಿನಲ್ಲಿ ಕೂರುವ ಟೈರಿನ ಅಂಚು) ಹತ್ತಿರ ಸೀಳುತ್ತದೆ. ಅಲ್ಲಿ ಬಿದ್ದ ಸೀಳಿಗೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ಸರಿಯಾಗಿ ನಿಲ್ಲುವುದಿಲ್ಲ. ದೊಡ್ಡ ಪಂಪಿನ ಮುಳ್ಳು ಕಡಿಮೆ ಗಾಳಿಯಲ್ಲಿ ಎರಡು ಮೂರು ಪಿಎಸ್‌ಐ ತಪ್ಪು ತೋರಿಸಬಹುದು, ಹಾಗಾಗಿ ಕೈಯಲ್ಲಿ ಹಿಡಿಯುವ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ.

ಟ್ಯೂಬ್ ಇಲ್ಲದೆ (ಟ್ಯೂಬ್‌ಲೆಸ್) ಜೋಡಿಸುವಾಗ ರಿಮ್ಮಿನ ಒಳಅಗಲ 30 ಮಿಮೀ ಇದ್ದರೆ 33-34 ಮಿಮೀ ಟೇಪ್ ಬಿಗಿಯಾಗಿ ಎಳೆದು ಸುತ್ತಿ, ಕೊನೆಯನ್ನು 10 ಸೆಂಮೀ ಒಂದರ ಮೇಲೊಂದು ಬರುವಂತೆ ಅಂಟಿಸಿ. ಡಬಲ್‌ಡೌನ್ ಗೋಡೆ ಗಟ್ಟಿ, ಹಾಕುವಾಗ ಬೆರಳು ನೋಯುತ್ತದೆ. ಬೀಡನ್ನು ಸುತ್ತಲೂ ರಿಮ್ಮಿನ ನಡುಗಾಲುವೆಗೆ ತಳ್ಳಿ, ವಾಲ್ವ್ ಇರುವ ಕಡೆ ಕೊನೆಗೆ ಮುಗಿಸಿದರೆ ಲಿವರ್ ಬಹುತೇಕ ಬೇಕಾಗದು. ಬೀಡಿಗೆ ಸೋಪಿನ ನೀರು ಹಚ್ಚಿ, ವಾಲ್ವಿನ ಕೋರ್ (ಒಳಗಿನ ತಿರುಪು ಭಾಗ) ತೆಗೆದು ರಭಸದಿಂದ ಗಾಳಿ ಬಿಡಿ. ಎರಡೂ ಬದಿ 'ಟಪ್' ಎಂದು ಕೂತ ಮೇಲೆ ರಿಮ್ಮಿನ ಪಕ್ಕದ ಗೆರೆ ಸುತ್ತಲೂ ಒಂದೇ ಸಮ ಇದೆಯೇ ನೋಡಿ. ಆಮೇಲೆ ವಾಲ್ವ್ ಮೂಲಕ 100ರಿಂದ 120 ಮಿಲೀ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಎರಡು ಮೂರು ತಿಂಗಳಿಗೊಮ್ಮೆ ಅದು ಒಣಗಿದೆಯೇ ಎಂದು ಪರೀಕ್ಷಿಸಬೇಕು. ಬಿಸಿಲೂರಿನಲ್ಲಿ ಇನ್ನೂ ಬೇಗ ಒಣಗುತ್ತದೆ.

ಪ್ರತಿ ಸವಾರಿಯ ನಂತರ ಟೈರ್ ತೊಳೆದು ಪಕ್ಕದ ಗೋಡೆ ಸವರಿ ನೋಡಿ. ಎಳೆ ಕಂಡರೂ ಗಾಳಿ ನಿಲ್ಲುತ್ತಿದ್ದರೆ ಕಣ್ಣಿಟ್ಟಿರಿ, ಎಳೆ ಕಡಿದಿದ್ದರೆ ಅಥವಾ ಅಲ್ಲಿ ಉಬ್ಬಿದ್ದರೆ ಟೈರ್ ಬದಲಿಸಿ. ನಾಬ್ ಬುಡದಲ್ಲಿ ಸೀಳು ಕಾಣುವುದು ಮೆತ್ತನೆಯ ರಬ್ಬರಿನ ಸಹಜ ದೋಷ. ಅಂಚಿನ ಸಾಲಿನಲ್ಲಿ ಅಕ್ಕಪಕ್ಕದ ಮೂರ್ನಾಲ್ಕು ನಾಬ್‌ಗಳಿಗೆ ಸೀಳು ಬಿದ್ದಿದ್ದರೆ ಮುಂದಿನ ಚಕ್ರಕ್ಕೆ ಆ ಟೈರ್ ಮುಗಿಯಿತು. ಹಿಂದಿನ ಚಕ್ರದಲ್ಲಿ ನಡುವಿನ ನಾಬ್‌ಗಳ ಬ್ರೇಕ್ ಅಂಚು ಉರುಟಾದಾಗಲೇ ಒದ್ದೆ ಇಳಿಜಾರಿನಲ್ಲಿ ಚಕ್ರ ಬೇಗ ಲಾಕ್ ಆಗಲು ಶುರುವಾಗುತ್ತದೆ, ಎತ್ತರ ಇನ್ನೂ ಅರ್ಧ ಉಳಿದಿದ್ದರೂ ಅಷ್ಟೇ. ಮುಂದಿನ ಹಳೆಯ ಟೈರನ್ನು ಹಿಂದಕ್ಕೆ ಹಾಕುವ ಅಭ್ಯಾಸ ಹಲವರಿಗಿದೆ. ಎಕ್ಸೋ ಪ್ಲಸ್ ಅಸೆಗಾಯ್ ವಿಷಯದಲ್ಲಿ ಅದು ಬೇಡ: ರಬ್ಬರ್ ಸವೆಯುವ ಮೊದಲೇ ಗೋಡೆ ಹರಿದಿರುತ್ತದೆ. ಮುಂದಿನದನ್ನೂ ಡಬಲ್‌ಡೌನ್‌ನಲ್ಲೇ ಕೊಂಡಿದ್ದರೆ ಮಾತ್ರ ಹಾಗೆ ಬದಲಿಸಬಹುದು.