ಮೂರು ಡೀಸೆಲ್ ಕಾರು, ಒಂದೇ ಮಸಿ

ಡೀಸೆಲ್ ಕಾರು ತಗೊಳ್ಳಬಹುದಾ ಎಂದು ಯಾರಾದರೂ ಕೇಳಿದರೆ, ಮೊದಲು ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡಿ ಅನ್ನುತ್ತೇನೆ. ಗಾಡಿ ತಣ್ಣಗಿರುವಾಗ, ಮತ್ತೆ. 2012ರಲ್ಲಿ ಕೊಂಡ ನನ್ನ ಹಳೆ ಕಾರಿಗೆ ಬೆರಳಿಟ್ಟರೆ ಮಗುವಿಗೆ ದೃಷ್ಟಿಬೊಟ್ಟು ಇಡುವಷ್ಟು ಮಸಿ. 2021ರ ಹೊಸದಕ್ಕೆ ಇಟ್ಟರೆ ಬೆರಳು ಹೋದ ಹಾಗೆಯೇ ವಾಪಸ್ ಬರುತ್ತದೆ. ಡೀಸೆಲ್ ಉರಿದ ಮೇಲೆ ಮಸಿ ಆಗದೆ ಇರುವುದಿಲ್ಲ. ಹಾಗಿದ್ದರೆ ಹೊಸದರ ಮಸಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಗಾಡಿಯೊಳಗೇ ಕೂತಿದೆ. ಎರಡು ಕಾರುಗಳ ರಿಪೇರಿ ಬಿಲ್ಲಿನ ವ್ಯತ್ಯಾಸ ಶುರುವಾಗುವುದೇ ಅಲ್ಲಿಂದ.

ಹಳೆಯದು ಬಿಎಸ್-4 (ಗಾಡಿ ಎಷ್ಟು ಹೊಗೆ ಬಿಡಬಹುದು ಎಂಬ ಸರ್ಕಾರದ ಮಿತಿ, ಅಂಕಿ ಏರಿದಷ್ಟೂ ಬಿಗಿ), ಒಂದೂವರೆ ಲೀಟರಿಗಿಂತ ಚಿಕ್ಕ ಎಂಜಿನ್, 1,92,000 ಕಿಲೋಮೀಟರ್ ಓಡಿದೆ. ಹೊಸದು ಬಿಎಸ್-6, 61,000 ಓಡಿದೆ. ಮೂರನೆಯದು ನನ್ನದಲ್ಲ, ಹುಬ್ಬಳ್ಳಿಯ ಭಾವನದು. ಅದೂ ಬಿಎಸ್-6, ಆದರೆ ಯೂರಿಯಾ ಟ್ಯಾಂಕ್ ಇರುವಂಥದ್ದು. ರಜೆಗೆ ಹೋದಾಗಲೆಲ್ಲ ಓಡಿಸಿದ್ದೇನೆ. ಕಂಪನಿಗಳ ಹೆಸರು ಬೇಡ. ಒಂದೊಂದೇ ಗಾಡಿ ಇಟ್ಟುಕೊಂಡು ಇಡೀ ಕಂಪನಿಗೆ ಮಾರ್ಕ್ಸ್ ಕೊಡುವುದು ತಪ್ಪಾಗುತ್ತದೆ.

ಹಳೆಯದರಿಂದಲೇ ಹೇಳುತ್ತೇನೆ, ಅದರ ಜತೆ ಹೆಚ್ಚು ಏಗಿದ್ದೇನೆ. ಆರು ವರ್ಷ ಹಾಸನ–ಮಂಗಳೂರು ಓಡಾಟ. ಒಂದು ಮಳೆಗಾಲ ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಸೀಟಿ ಹೊಡೆದಂಥ ಸದ್ದು, ಹಿಂದೆಯೇ ಕನ್ನಡಿ ತುಂಬ ಕಪ್ಪು ಹೊಗೆ. ಎರಡನೇ ಗೇರಿನಲ್ಲೂ ಗಾಡಿ ಎಳೆಯಲೊಲ್ಲದು. ಹಿಂದಿನ ಟ್ಯಾಂಕರಿನವನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಯಿತು, ಐವತ್ತು ಸಾವಿರಕ್ಕೆ ದಾರಿಯಾಯಿತು ಅಂದುಕೊಂಡು ತೆವಳುತ್ತ ಸಕಲೇಶಪುರ ಮುಟ್ಟಿದೆ. ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತಿ, ಎಂಜಿನ್ ರೇಸ್ ಮಾಡಿಸಿ, ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಅಡಿ ಕೈಯಾಡಿಸಿದ. "ಟರ್ಬೊ ಏನೂ ಆಗಿಲ್ಲ ಸಾರ್, ಪೈಪ್ ಹರ್ದೋಗಿದೆ. ಇವ್ನು ಊದಿದ್ ಗಾಳಿ ಎಲ್ಲಾ ಆಚೆ ಹೋಗ್ತಾ ಇದೆ." ಸೈಕಲ್ ಟ್ಯೂಬು ಸೀಳಿ ನಾಲ್ಕು ಸುತ್ತು ಬಿಗಿದು, ಎರಡು ಕ್ಲಿಪ್ ಹಾಕಿ ಕಳಿಸಿದ. ನಿಧಾನವಾಗಿ ಹಾಸನ ತಲುಪಿದೆ. ಹೊಸ ಪೈಪಿಗೆ ಎರಡು ಸಾವಿರವೂ ಆಗಲಿಲ್ಲ.

ಆಮೇಲೆ ಎಷ್ಟೋ ಜನರಿಗೆ ಇದನ್ನೇ ಹೇಳಿದ್ದೇನೆ: ಪಿಕಪ್ ಹೋಯಿತು, ಕಪ್ಪು ಹೊಗೆ ಬಂತು ಅಂದ ತಕ್ಷಣ ಟರ್ಬೊ ಬಿಚ್ಚಿಸಬೇಡಿ. ಒಳಗೆ ಬರುವ ಗಾಳಿಗೆ ಲೆಕ್ಕ ಹಾಕಿ ಡೀಸೆಲ್ ಸುರಿದಿರುತ್ತದೆ, ಗಾಳಿ ದಾರಿಯಲ್ಲೇ ಸೋರಿದರೆ ಆ ಡೀಸೆಲ್ ಅರೆಬರೆ ಉರಿದು ಹೊಗೆಯಾಗುತ್ತದೆ. ಹೊಗೆ ನೀಲಿಯಾಗಿದ್ದು, ಆಯಿಲ್ ಕೂಡ ಕಡಿಮೆಯಾಗುತ್ತಿದ್ದರೆ ಆಗ ಟರ್ಬೊದ ಮೇಲೆ ಅನುಮಾನ ಪಡಬೇಕು.

ಆ ಕಾರಿನಲ್ಲಿ ಇವತ್ತಿಗೂ ಕಂಪನಿಯಿಂದ ಬಂದ ಟರ್ಬೊವೇ ಇದೆ. ಅದು ಸಾದಾ ಟರ್ಬೊ, ಒಳಗೆ ತಿರುಗಿ ಹೊಂದಿಕೊಳ್ಳುವ ರೆಕ್ಕೆಗಳಿಲ್ಲ. ಹಾಗಾಗಿ 1,800 ಆರ್‌ಪಿಎಂ ಒಳಗೆ ಸತ್ತ ಹಾಗೆ ಇರುತ್ತದೆ, ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಗೇರ್ ಇಳಿಸದಿದ್ದರೆ ಅಳುತ್ತದೆ. ಆದರೆ ಕೆಡಲು ಒಳಗೆ ಇರುವುದೂ ಅಷ್ಟೇ. ನಾನು ಬಿಡದೆ ಪಾಲಿಸಿದ್ದು ಒಂದು ಅಭ್ಯಾಸ. ಘಾಟಿ ಹತ್ತಿ ನಿಲ್ಲಿಸಿದಾಗ ಕೂಡಲೇ ಕೀ ತಿರುಗಿಸದೆ ಒಂದು ನಿಮಿಷ ಐಡಲ್‌ನಲ್ಲಿ ಬಿಡುವುದು. ಇಂಥ ಚಿಕ್ಕ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಅದರ ಬೇರಿಂಗಿಗೆ ಎಂಜಿನ್ ಆಯಿಲೇ ಆಧಾರ. ಕಾದ ಟರ್ಬೊಗೆ ಆಯಿಲ್ ಹರಿವು ದಿಢೀರ್ ನಿಂತರೆ ಒಳಗಿದ್ದದ್ದು ಸುಟ್ಟು ಹೆಪ್ಪುಗಟ್ಟುತ್ತದೆ. ಮನೆಯವರೆಲ್ಲ ಇಳಿದು ಹೋಟೆಲ್ ಸೇರಿದರೂ ನಾನೊಬ್ಬ ಕಾರಿನಲ್ಲಿ ಕೂತಿರುತ್ತಿದ್ದೆ. ನಗಾಡುತ್ತಿದ್ದರು, ನಗಾಡಲಿ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೈಕೊಟ್ಟದ್ದು 1,40,000 ಕಿಲೋಮೀಟರಿಗೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಐಡಲ್‌ನಲ್ಲಿ ಗಡಗಡ ನಡುಗುವುದು. ಹಾಸನದ ಮೇಸ್ತ್ರಿ ನಾಲ್ಕು ಚಿಕ್ಕ ಬಾಟಲಿಗಳನ್ನು ಗ್ಲೂಕೋಸ್ ಬಾಟಲಿಯ ಹಾಗೆ ನೇತುಹಾಕಿ, ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದಕ್ಕೆ ಜೋಡಿಸಿ ಎಂಜಿನ್ ಚಾಲೂ ಮಾಡಿದ. ಮೂರರಲ್ಲಿ ಡೀಸೆಲ್ ಬೆರಳಗಲ ಏರುವಷ್ಟರಲ್ಲಿ ಮೂರನೇ ಸಿಲಿಂಡರಿನದು ಅರ್ಧ ತುಂಬಿತ್ತು. ಕಳ್ಳ ಸಿಕ್ಕಿಬಿದ್ದ. ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ ಒತ್ತಡ, ಕಾಮನ್ ರೈಲ್ ಎಂಜಿನ್ನಿನಲ್ಲಿ ನಾಲ್ಕೂ ಇಂಜೆಕ್ಟರಿಗೆ ಡೀಸೆಲ್ ಹಂಚುವ ಒಂದೇ ಪೈಪಿನಲ್ಲಿ, ಅಂದರೆ ರೈಲಿನಲ್ಲಿ, 1,600 ಬಾರ್ ಆಸುಪಾಸು. ಒಂದು ಇಂಜೆಕ್ಟರ್ ಸೋರಿದರೂ ರೈಲಿನ ಒತ್ತಡ ಕುಸಿದು ನಾಲ್ಕೂ ಸೊರಗುತ್ತವೆ. ಒಂದನ್ನು ಬದಲಿಸಿದ್ದಕ್ಕೆ ಸರಿಹೋಯಿತು. ಯಾರ್ಯಾರೋ ಕ್ಯಾನಿನಲ್ಲಿ ಮಾರುವ ಡೀಸೆಲ್ಲನ್ನು ಎರಡು ಸಲ ಹಾಕಿಸಿದ್ದೆ, ತಪ್ಪು ನನ್ನದೇ ಇರಬೇಕು. ಆಮೇಲಿಂದ ಡೀಸೆಲ್ ಫಿಲ್ಟರ್ 20,000ಕ್ಕೇ ಬದಲು, ಮಳೆಗಾಲಕ್ಕೆ ಮುಂಚೆ ಅದರ ಅಡಿಯ ನೀರು ಬಸಿಸುವುದು ಕಡ್ಡಾಯ.

ಡೀಸೆಲ್ಲಿಗೆ ಈ ಒತ್ತಡ ಕೊಡುವ ಹೈಪ್ರೆಷರ್ ಪಂಪಿಗೆ ಮೇಸ್ತ್ರಿ ಈಗಲೂ "ಮೈಕೋ ಪಂಪ್" ಎನ್ನುತ್ತಾನೆ. 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿದೆ. ಗ್ಯಾರೇಜುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇದರಾಚೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಎರಡು ಸಲ ಬಿಚ್ಚಿ ತೊಳೆಸಿದ್ದೇನೆ, ಒಳಗೆ ಡಾಂಬರಿನಂಥ ಜಿಗುಟು. ಕ್ಲಚ್ ಒಂದು ಸಲ. ಅಷ್ಟೇ.

ಹೊಸ ಕಾರಿನ ಕತೆ ಬೇರೆ. ಓಡಿಸಲು ಅದರ ಮುಂದೆ ಹಳೆಯದು ಎತ್ತಿನ ಗಾಡಿ. ಇದರ ಟರ್ಬೊದಲ್ಲಿ ರೆಕ್ಕೆಗಳು ತಿರುಗಿ ಹೊಂದಿಕೊಳ್ಳುತ್ತವೆ, 1,400ರಿಂದಲೇ ಎಳೆತ. ಸದ್ದು ಅರ್ಧ. ಹೆದ್ದಾರಿಯಲ್ಲಿ ಹಳೆಯದು ಲೀಟರಿಗೆ 19 ಕೊಟ್ಟರೆ ಇದು 21. 61,000 ಕಿಲೋಮೀಟರಿನಲ್ಲಿ ಎಂಜಿನ್ ಅನ್ನುವ ಎಂಜಿನ್ನಿಗೆ ಒಂದು ಸ್ಪ್ಯಾನರ್ ಕೂಡ ತಾಗಿಲ್ಲ.

ಕಾಡಿದ್ದು ಅದರ ಬಾಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 4.5 ಮಿಲಿಗ್ರಾಂಗಿಂತ ಹೆಚ್ಚು ಕಣ ಉಗುಳುವಂತಿಲ್ಲ. ಬಿಎಸ್-4ರಲ್ಲಿ ಅದು 25 ಇತ್ತು. ಈ ಮಿತಿಗೆ ಇಳಿಸಲು ಹೊಗೆ ಹೋಗುವ ದಾರಿಯಲ್ಲಿ ಜೇನುಗೂಡಿನಂಥ ಪಿಂಗಾಣಿ ಜಾಲರಿ ಇಟ್ಟಿದ್ದಾರೆ. ಅದೇ ಡಿಪಿಎಫ್. ಮಸಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಮಟ್ಟ ತುಂಬಿದ ಮೇಲೆ ಗಾಡಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಜಾಲರಿಯನ್ನು 600 ಡಿಗ್ರಿಯ ಹತ್ತಿರ ಕಾಯಿಸಿ, ಮಸಿ ಸುಟ್ಟುಕೊಳ್ಳುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಓಡಬೇಕು. ನನ್ನ ಆಫೀಸು ಬನಶಂಕರಿಯಿಂದ ಲಾಲ್‌ಬಾಗ್ ಹತ್ತಿರ, ಆರು ಕಿಲೋಮೀಟರ್, ಹನ್ನೊಂದು ಸಿಗ್ನಲ್. ಎಂಜಿನ್ ಸರಿಯಾಗಿ ಕಾಯುವ ಮುಂಚೆಯೇ ಆಫೀಸು ಬಂದಿರುತ್ತದೆ.

ಎಂಟನೇ ತಿಂಗಳಿಗೆ ಒಂದು ಸಂಜೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹೆಂಡತಿ, "ಏನ್ರೀ, ಏನೋ ಸುಟ್ಟ ವಾಸನೆ ಬರ್ತಿದೆಯಲ್ರೀ" ಅಂದಳು. ಕೀ ತೆಗೆದರೂ ಫ್ಯಾನು ಹೋ ಎಂದು ತಿರುಗುತ್ತಲೇ ಇತ್ತು. ಗಾಡಿ ಮಸಿ ಸುಡುತ್ತಿತ್ತು, ನಾನು ಅರ್ಧಕ್ಕೆ ನಿಲ್ಲಿಸಿದ್ದೆ. ಅದಕ್ಕೂ ಮುಂಚೆ ಎಷ್ಟು ಸಲ ಹೀಗೇ ಮಾಡಿದ್ದೆನೋ. ವಾರದಲ್ಲಿ ಹಳದಿ ಲೈಟು ಬಂತು. ಅದಕ್ಕಿಂತ ಹೆದರಿಸಿದ್ದು ಡಿಪ್‌ಸ್ಟಿಕ್. ಆಯಿಲ್ ಕಡಿಮೆಯಾಗುವುದನ್ನು ನೋಡಿದ್ದೆ, ಇಲ್ಲಿ ಮೇಲಿನ ಗೆರೆ ದಾಟಿ ಏರಿತ್ತು! ಮೂಸಿದರೆ ಡೀಸೆಲ್ ವಾಸನೆ. ಅರ್ಧಕ್ಕೆ ನಿಂತ ಪ್ರತಿ ಸಲವೂ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಕೆಳಗಿಳಿದು ಆಯಿಲಿಗೆ ಸೇರಿದೆ. ತೆಳ್ಳಗಾದ ಆಯಿಲ್ ಅದೇ ಟರ್ಬೊ ಬೇರಿಂಗಿಗೂ ಹೋಗಬೇಕಲ್ಲ. ಅವಧಿಗೆ ಮುಂಚೆ ಆಯಿಲ್ ಬದಲಿಸಿ, ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಜೋಡಿಸಿ ನಿಂತಲ್ಲೇ ಮಸಿ ಸುಡಿಸಿದ್ದಾಯಿತು. ಒಟ್ಟು ಹನ್ನೆರಡು ಸಾವಿರ. ಜಾಲರಿಯನ್ನೇ ಬದಲಿಸಬೇಕಾಗಿದ್ದರೆ ಲಕ್ಷದ ಮೇಲೆ ಅಂದರು. ಸೈಕಲ್ ಟ್ಯೂಬು ಸುತ್ತಿ ಊರು ಸೇರುವ ಆಟ ಇಲ್ಲಿ ನಡೆಯುವುದಿಲ್ಲ.

ಆಮೇಲೆ ಒಂದು ವರ್ಷ ಎರಡು ವಾರಕ್ಕೊಂದು ಶನಿವಾರ ಕಾರಿಗೆ ವಾಕಿಂಗ್ ಮಾಡಿಸಿದೆ. ನೆಲಮಂಗಲ ದಾಟಿ ಹಾಸನದ ರಸ್ತೆಗೆ ಬಿದ್ದು, ನಾಲ್ಕನೇ ಗೇರಿನಲ್ಲೇ 2,200 ಆರ್‌ಪಿಎಂ ಹಿಡಿದು ಕುಣಿಗಲ್‌ವರೆಗೆ. ಅಲ್ಲಿ ಇಡ್ಲಿ ತಿಂದು ವಾಪಸ್. ಲೈಟು ಮತ್ತೆ ಬರಲಿಲ್ಲ. ಆದರೆ ಮಸಿ ಸುಡಲಿಕ್ಕೆಂದು ಸುಟ್ಟ ಡೀಸೆಲ್ ಮತ್ತು ಇಡ್ಲಿ ಎರಡನ್ನೂ ಸೇರಿಸಿದರೆ ಆ 21 ಮೈಲೇಜಿಗೆ ಅರ್ಥವಿಲ್ಲ. ಊರೊಳಗೆ ಅದು ಕೊಡುತ್ತಿದ್ದದ್ದು 12, ಹಳೆಯದು ಅದೇ ರಸ್ತೆಯಲ್ಲಿ 15.

ಆಯಿಲ್ ಬಗ್ಗೆ ಇನ್ನೊಂದು ಮಾತು. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಮ್ಯಾನ್ಯುಯಲ್‌ನಲ್ಲಿ ಸಿ2 ಅಥವಾ ಸಿ3 ಎಂದು ಬರೆದಿರುತ್ತದೆ. ಮಸಿ ಸುಟ್ಟರೆ ಹೋಗುತ್ತದೆ, ಆಯಿಲಿನ ಬೂದಿ ಹೋಗುವುದಿಲ್ಲ. ಜಾಲರಿಯ ಆಯುಷ್ಯ ತಿನ್ನುವುದು ಅದೇ.

ಭಾವನ ಕಾರು ನನ್ನ ಎರಡನ್ನೂ ಸುಮ್ಮನಾಗಿಸಿತು. ಅದರಲ್ಲಿ ಡಿಪಿಎಫ್ ಜತೆಗೆ ನೈಟ್ರೋಜನ್ ಆಕ್ಸೈಡ್ ಇಳಿಸಲು ಯೂರಿಯಾ ದ್ರಾವಣ ಚಿಮ್ಮಿಸುವ ವ್ಯವಸ್ಥೆಯೂ ಇದೆ. ಕೆಡಲು ಇನ್ನೊಂದು ಪಂಪು, ಇನ್ನೊಂದು ಸೆನ್ಸರ್, ಮೂರರಲ್ಲಿ ಮೊದಲು ಮಲಗುವುದು ಇದೇ ಅಂದುಕೊಂಡಿದ್ದೆ. 1,10,000 ಕಿಲೋಮೀಟರ್ ಆಗಿದೆ, ಸರ್ವಿಸ್ ಬಿಟ್ಟರೆ ವರ್ಕ್‌ಶಾಪ್ ಮುಖ ನೋಡಿಲ್ಲ. ಯಾಕೆಂದರೆ ಭಾವ ವಾರಕ್ಕೆ ಮೂರು ದಿನ ಹುಬ್ಬಳ್ಳಿ–ಬೆಳಗಾವಿ ಹೆದ್ದಾರಿಯಲ್ಲಿರುತ್ತಾರೆ. ಮಸಿ ತನ್ನಷ್ಟಕ್ಕೆ ಉರಿದು ಹೋಗುತ್ತದೆ, ಅವರಿಗೆ ಡಿಪಿಎಫ್ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ಮೊದಲ ಸಲ ಯೂರಿಯಾ ಮುಗಿಯುತ್ತ ಬಂದು, ಇಷ್ಟು ಕಿಲೋಮೀಟರಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ ಎಂದು ಗಾಡಿ ಎಣಿಸತೊಡಗಿದಾಗ ಮಾತ್ರ ಗಾಬರಿಯಾಗಿ ಫೋನ್ ಮಾಡಿದ್ದರು. "ಏ ತಮ್ಮಾ, ಗಾಡಿಗೂ ಗೊಬ್ಬರ ಹಾಕೂ ಕಾಲ ಬಂತ ನೋಡು!" ಹೊಲಕ್ಕೆ ತಂದ ಯೂರಿಯಾ ಮೂಟೆ ನೆನಪಾಗಿ ನಾನೂ ಹೆದರಿ, ಅದನ್ನು ಕಲಸಿ ಹಾಕಬೇಡಿ ಎಂದು ಕೂಗಿದೆ. ಬೇಕಾದದ್ದು ಶುದ್ಧ ನೀರಿನಲ್ಲಿ 32.5 ಶೇಕಡಾ ಯೂರಿಯಾ ಇರುವ, ಬಂಕಿನಲ್ಲೇ ಸಿಗುವ ಡಿಇಎಫ್ ಕ್ಯಾನು. ಬೇರೆ ಏನು ಹಾಕಿದರೂ ಆ ಪಂಪು ಹೋದಂತೆಯೇ.

ಭಾವನ ಗಾಡಿ ನೋಡಿದ ಮೇಲೆ ನನ್ನ ಹೊಸದರ ಮೇಲಿನ ಸಿಟ್ಟು ಇಳಿಯಿತು. ಅದು ಕೆಟ್ಟ ಕಾರಲ್ಲ, ನಾನು ಕಟ್ಟಿಹಾಕಿದ ಜಾಗ ಕೆಟ್ಟದ್ದು. ಹಳೆಯದು ಯಾವ ಸಿಗ್ನಲ್ಲಿನಲ್ಲಿ ನಿಲ್ಲಿಸಿದರೂ ನಡೆಯುತ್ತಿತ್ತು, ನಿಜ. ಅದು ಗಟ್ಟಿ ಎಂದು ನಾನು ಹೊಗಳುವಾಗ, ತನ್ನ ಮಸಿಯನ್ನೆಲ್ಲ ಹಿಂದಿನ ಸ್ಕೂಟರಿನವರ ಮುಖಕ್ಕೆ ಬಿಟ್ಟೇ ಅಷ್ಟು ನಿರಾಳವಾಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಡಿಪಿಎಫ್ ಕತ್ತರಿಸಿ ಖಾಲಿ ಪೈಪು ಬೆಸುಗೆ ಹಾಕಿ ಕೊಡುತ್ತೇವೆ ಅನ್ನುವವರು ಇದ್ದಾರೆ, ನನಗೂ ಒಬ್ಬ ಹೇಳಿದ್ದ. ಬೇಡ ಅಂದೆ. ಕಾನೂನಿಗೆ ವಿರುದ್ಧ, ಅದಲ್ಲದೆ ಮತ್ತೆ ಅದೇ ಸ್ಕೂಟರಿನವರ ಮುಖ.

ಹೋದ ವರ್ಷ ಅದಲುಬದಲು ಮಾಡಿಕೊಂಡೆವು. ಹೊಸದು ಹಾಸನದ ತಮ್ಮನ ಕೈಗೆ ಹೋಯಿತು, ಅವನಿಗೆ ವಾರಕ್ಕೆರಡು ಸಲ ಮಂಗಳೂರು ಇರುತ್ತದೆ. ಹಳೆಯದು ಬನಶಂಕರಿಗೆ ಬಂತು, ಬೇಸ್‌ಮೆಂಟಿನಲ್ಲಿ ನಿಂತಿದೆ, ಊರಿಗೆ ಹೋಗುವಾಗ ಮಾತ್ರ ಹೊರಡುತ್ತದೆ. ಆ ಆರು ಕಿಲೋಮೀಟರಿಗೆ ಮೂರರಲ್ಲಿ ಒಂದೂ ಲಾಯಕ್ಕಿಲ್ಲ, ನಾನೀಗ ಮೆಟ್ರೊ. ಮೊನ್ನೆ ತಮ್ಮ ಫೋನ್ ಮಾಡಿ, "ಅಣ್ಣಾ, ನೀನ್ ಹೇಳ್ತಿದ್ದ ಹಳದಿ ಲೈಟು ಇದ್ರಲ್ಲಿ ಎಲ್ ಬರುತ್ತೆ?" ಅಂತ ಕೇಳಿದ.