ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್: ರಿಪೇರಿಗೆ ಇರಲಿ, ಹೊಸ ಬಟ್ಟೆಗೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ಹೊಸ ಬಟ್ಟೆ ಹೊಲಿದು ದುಡ್ಡು ಉಳಿಸೋಣ ಅಂತ ಈ ಮಷಿನ್ ತಗೊಳ್ಳಬೇಡಿ. ಬಟ್ಟೆ, ದಾರ, ಲೈನಿಂಗ್, ಗುಂಡಿ ಎಲ್ಲ ಲೆಕ್ಕ ಹಾಕಿದರೆ ರೆಡಿಮೇಡ್ ಶರ್ಟೇ ಅಗ್ಗ ಅನ್ನಿಸುವುದು ಜಾಸ್ತಿ. ದುಡ್ಡು ಉಳಿಯುವುದು ಬೇರೆ ಕಡೆ. ಹೊಲಿಗೆ ಬಿಟ್ಟ ದಿಂಬಿನ ಕವರ್, ಮೊಣಕಾಲಲ್ಲಿ ಹರಿದ ಪ್ಯಾಂಟ್, ಪಟ್ಟಿ ಕಿತ್ತ ಸ್ಕೂಲ್ ಬ್ಯಾಗ್, ಉದ್ದ ಬಿಡಿಸಬೇಕಾದ ಯೂನಿಫಾರಂ. ಇವನ್ನೆಲ್ಲ ಒಂದು ಚೀಲಕ್ಕೆ ತುಂಬಿ 'ಟೈಲರ್ ಹತ್ತಿರ ಕೊಡೋಣ' ಅಂತ ಇಡುತ್ತೇವೆ. ಕೊಡುವುದಿಲ್ಲ. ಅಷ್ಟರಲ್ಲಿ ಮಕ್ಕಳು ಬೆಳೆದಿರುತ್ತಾರೆ, ಚೀಲ ಹಾಗೇ ಹೊರಗೆ ಹೋಗುತ್ತದೆ. ಮಷಿನ್ ಬಂದ ಮೇಲೆ ನಮ್ಮ ಮನೆಯಲ್ಲಿ ಆ ಚೀಲ ಇಲ್ಲ.

ಹೊಲಿಯುವುದು ನಾನು. ಹೆಂಡತಿಗೆ ಸೂಜಿ ದಾರ ಅಂದರೆ ಆಗುವುದಿಲ್ಲ, ಅವಳು ಕತ್ತರಿಸಿ ಕೊಡುತ್ತಾಳೆ. ನಮ್ಮದು ಸೆಕೆಂಡ್ ಹ್ಯಾಂಡ್. ಕಪ್ಪು ಹೆಡ್ (ಸೂಜಿ ಇರುವ ಮೇಲಿನ ಭಾಗ), ಬೀಡು ಕಬ್ಬಿಣದ ಸ್ಟ್ಯಾಂಡ್, ಚರ್ಮದ ಬೆಲ್ಟ್. ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಆದರೆ ಆ ನೇರ ಹೊಲಿಗೆ ಗಟ್ಟಿ. ಮೇಲಿನ ದಾರವೂ, ಕೆಳಗಿನ ಪುಟ್ಟ ಉರುಳೆಯ ಅಂದರೆ ಬಾಬಿನ್‌ನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ತೊಡರಿಕೊಳ್ಳುವ ಈ ಹೊಲಿಗೆಯ ಮಷಿನ್‌ಗೆ ಇಲಿಯಾಸ್ ಹೋವ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಐಸಾಕ್ ಸಿಂಗರ್‌ನ ಪೇಟೆಂಟ್ 1851ರದ್ದು. ಇವತ್ತು ಮನೆಗೆ ಬರುವ ಮೋಟಾರ್ ಮಷಿನ್‌ಗಳೂ, ಪರದೆ ಇರುವ ಕಂಪ್ಯೂಟರ್ ಮಷಿನ್‌ಗಳೂ ಹಾಕುವುದು ಇದೇ ಹೊಲಿಗೆಯನ್ನೇ.

ತುಳಿಯುವುದು ಬರುವ ತನಕ ಸಿಟ್ಟು ಬರುತ್ತದೆ. ಚಕ್ರ ಉಲ್ಟಾ ತಿರುಗುತ್ತದೆ, ದಾರ ಸಿಕ್ಕಾಗುತ್ತದೆ. ಮೊದಲು ಕೈಯಲ್ಲಿ ಚಕ್ರವನ್ನು ನಮ್ಮ ಕಡೆಗೆ ತಿರುಗಿಸಬೇಕು, ಆಮೇಲೆ ಕಾಲು ಆ ಲಯ ಹಿಡಿಯಬೇಕು. ಎರಡು ಪಾದವನ್ನೂ ಸಮ ಇಡದೆ ಒಂದನ್ನು ಸ್ವಲ್ಪ ಮುಂದೆ ಇಟ್ಟರೆ ಹಿಡಿತ ಬೇಗ ಸಿಗುತ್ತದೆ. ಮಗಳಿಗೆ ದಾರ ಹಾಕದೆ, ಗೆರೆ ಎಳೆದ ನೋಟ್‌ಬುಕ್ ಹಾಳೆ ಕೊಟ್ಟು ಕೂರಿಸಿದೆ. ಗೆರೆಯ ಮೇಲೆ ಸಾಲಾಗಿ ತೂತು ಬೀಳಬೇಕು, ಅಷ್ಟೇ ಆಟ. ಹಾಳೆಯ ಕೊನೆಗೆ ಬಂದಾಗ ಸೂಜಿ ಒಳಗಿರುವಂತೆ ನಿಲ್ಲಿಸಿ, ಹಾಳೆಯನ್ನು ಒತ್ತಿ ಹಿಡಿಯುವ ಮಷಿನ್‌ನ ಪಾದ ಎತ್ತಿ, ಹಾಳೆ ತಿರುಗಿಸುವುದನ್ನು ತಾನಾಗಿಯೇ ಕಲಿತಳು. ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ, ಹಳೆಯದೊಂದನ್ನು ಅದಕ್ಕೇ ಎತ್ತಿಡಿ. ಚಿಕ್ಕ ಮಗ ಒಬ್ಬನೇ ಹತ್ತಿರ ಹೋಗದ ಹಾಗೆ, ಕೆಲಸ ಮುಗಿದ ಮೇಲೆ ಬೆಲ್ಟನ್ನು ಚಕ್ರದಿಂದ ಇಳಿಸಿಬಿಡುತ್ತೇನೆ. ಎಷ್ಟು ತುಳಿದರೂ ಆಗ ಸೂಜಿ ಅಲ್ಲಾಡುವುದಿಲ್ಲ.

ಈ ಮಷಿನ್‌ನ ದೊಡ್ಡ ಗುಣ ಅಂದರೆ, ಏನು ಕೆಟ್ಟರೂ ಕಣ್ಣಿಗೆ ಕಾಣುತ್ತದೆ. ಬಟ್ಟೆಯ ಅಡಿಯಲ್ಲಿ ದಾರ ಗುಂಗುರು ಗುಂಗುರಾಗಿ ಬರುತ್ತಿತ್ತು. ನಾನು ಬಾಬಿನ್ ಕೂರುವ ಡಬ್ಬಿ, ಅದೇ ಬಾಬಿನ್ ಕೇಸ್, ಬಿಚ್ಚಿ ಅದರ ಪುಟಾಣಿ ಸ್ಕ್ರೂ ತಿರುಗಿಸಲು ಹೊರಟಿದ್ದೆ. ಅತ್ತೆ ನೋಡಿ, "ಅದನ್ನ ಮುಟ್ಟಬೇಡಿ, ಕೆಳಗೆ ಗಂಟು ಬಂದ್ರೆ ಮೇಲೆ ನೋಡಿ" ಅಂದರು. ಅಲ್ವಾ ಮತ್ತೆ, ಮೇಲಿನ ದಾರ ಸಡಿಲ ಇದ್ದರೆ ಅದನ್ನು ಬಾಬಿನ್ ದಾರ ಕೆಳಗೆ ಎಳೆಯುತ್ತದೆ. ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಅದು ಕೂತೇ ಇರಲಿಲ್ಲ. ಪಾದ ಎತ್ತಿ ಮತ್ತೆ ದಾರ ಹಾಕಿದೆ, ಸರಿಹೋಯಿತು. ಮೆಕ್ಯಾನಿಕ್ ಬೇಡ, ಆ್ಯಪ್ ಬೇಡ, ವಿಡಿಯೊ ಹುಡುಕಿ ಅರ್ಧ ಗಂಟೆ ಬೇರೇನೋ ನೋಡುತ್ತ ಕೂರುವುದೂ ಬೇಡ.

ತೊಂದರೆ ಕೊಡುವುದು ಬಹುಪಾಲು ಸೂಜಿ. ಪ್ಯಾಕೆಟ್ ಮೇಲೆ 14/90 ಅಂತ ಇರುತ್ತದಲ್ಲ, ಆ 90 ಅಂದರೆ 0.9 ಮಿ.ಮೀ. ದಪ್ಪ. ಮನೆಯ ಸಾಮಾನ್ಯ ಬಟ್ಟೆಗೆ ಇದು ಸಾಕು. ತೆಳು ಬಟ್ಟೆಗೆ 11/75, ಜೀನ್ಸ್‌ಗೆ 16/100. ಎಂಟು ಗಂಟೆಯಷ್ಟು ಹೊಲಿದ ಮೇಲೆ ಸೂಜಿ ಬದಲಾಯಿಸಿ ಅನ್ನುತ್ತಾರೆ. ಟಕ್ ಟಕ್ ಅಂತ ಶಬ್ದ ಬಂದರೆ ಅಷ್ಟು ಹೊತ್ತೂ ಕಾಯಬೇಡಿ. ಎಣ್ಣೆ ಹಾಕಿ, ಆದರೆ ಮಷಿನ್ ಎಣ್ಣೆ ಮಾತ್ರ. ಅಡುಗೆ ಎಣ್ಣೆ ಹಾಕಿದರೆ ಕೆಲವು ತಿಂಗಳಲ್ಲಿ ಅಂಟಾಗಿ ಚಕ್ರವೇ ಹಿಡಿದುಕೊಳ್ಳುತ್ತದೆ.

ಇನ್ನು ಕೊರತೆಗಳು. ಟಿ-ಶರ್ಟ್, ಲೆಗಿಂಗ್ಸ್ ಥರದ ಹಿಗ್ಗುವ ಬಟ್ಟೆಗೆ ಇದು ಅಷ್ಟಕ್ಕಷ್ಟೇ. ದುಂಡು ಮೊನೆಯ ಸೂಜಿ ಹಾಕಿದರೆ ಹೊಲಿಗೆ ತಪ್ಪುವುದು ಕಡಿಮೆಯಾಗುತ್ತದೆ, ಆದರೆ ಬಟ್ಟೆ ಎಳೆದಾಗ ನೇರ ಹೊಲಿಗೆ ಪಟ್ ಅಂತ ಕಿತ್ತುಹೋಗುತ್ತದೆ. ಜಾಗ ಬೇಕು, ಭಾರ, ಮನೆ ಬದಲಿಸುವಾಗ ಎಲ್ಲರ ಬಾಯಲ್ಲೂ ಬೈಗುಳ. ಹೆಡ್‌ನ ಕೆಳಗೆ ಮೇಜಿನ ಹಲಗೆ ಇರುವುದರಿಂದ ತೋಳಿನ ತುದಿ, ಪ್ಯಾಂಟಿನ ಕಾಲು ಅದರೊಳಗೆ ತೂರುವುದಿಲ್ಲ. ಮೊಣಕಾಲಿಗೆ ತೇಪೆ ಹಾಕಬೇಕಾದರೆ ಪಕ್ಕದ ಹೊಲಿಗೆ ಬಿಚ್ಚಬೇಕು. ಜೀನ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಬದಿಯ ಹೊಲಿಗೆ ಮಡಚಿ ಎರಡು ಸಾಲು ಹಾಕಿದ್ದು, ಇನ್ನೊಂದು ಬದಿ ಸಾದಾ. ಸಾದಾ ಬದಿಯನ್ನೇ ಬಿಚ್ಚಿ. ತೇಪೆಯನ್ನು ಒಳಗಿಟ್ಟು, ಹರಿದ ಜಾಗಕ್ಕಿಂತ ಎರಡು ಬೆರಳು ಅಗಲ ಜಾಸ್ತಿ ಬಿಟ್ಟು ಸುತ್ತ ಹೊಲಿದು, ಬಿಚ್ಚಿದ್ದನ್ನು ಮುಚ್ಚಿದರೆ ಮುಗಿಯಿತು. ಬರೆದಷ್ಟು ಕಷ್ಟ ಅಲ್ಲ.

ಇದರಲ್ಲಿ ನನಗೆ ತುಂಬ ಇಷ್ಟದ ಕೆಲಸ ಬೆಡ್‌ಶೀಟ್‌ದು. ಹಾಸಿಗೆ ಹೊದಿಕೆ ಸವೆಯುವುದು ನಡುವೆ, ಅಂಚು ಹೊಸದರ ಹಾಗೇ ಇರುತ್ತದೆ. ನಡುವೆ ಉದ್ದಕ್ಕೂ ಕತ್ತರಿಸಿ, ಎರಡು ಅಂಚುಗಳನ್ನು ಸೇರಿಸಿ ಹೊಲಿದು, ಸವೆದ ಬದಿಗಳನ್ನು ಹೊರಗೆ ಮಡಚಿ ಹೊಲಿದರೆ ಶೀಟ್ ಇನ್ನಷ್ಟು ಕಾಲ ಬಾಳುತ್ತದೆ. ಎರಡನೇ ಮಹಾಯುದ್ಧದಲ್ಲಿ, 1941ರಿಂದ, ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂದಾಗ ಮನೆ ಮನೆಯಲ್ಲಿ ಹೀಗೆ ಮಾಡುತ್ತಿದ್ದರಂತೆ. ನಡುವಿನ ಹೊಲಿಗೆ ಬೆನ್ನಿಗೆ ಒತ್ತುತ್ತದೆ ಅಂತ ಮಗನ ತಕರಾರು. ಅಂಚನ್ನು ಚಪ್ಪಟೆಯಾಗಿ ಮಡಚಿ ಇನ್ನೊಂದು ಸಾಲು ಹಾಕಿದೆ, ಸುಮ್ಮನಾದ. ಕರೆಂಟ್ ಹೋದ ಸಂಜೆ, ಕಿಟಕಿಯ ಬೆಳಕಲ್ಲಿ, ಇಂಥ ಉದ್ದ ಹೊಲಿಗೆ ಹಾಕುವುದು ಬಹಳ ಹಿತ.

ಮೋಟಾರ್ ಹಾಕಿಸಿಕೊಳ್ಳಿ ಅಂತ ಅಂಗಡಿಯವರು ಒತ್ತಾಯ ಮಾಡಿದರು. ದಿನವಿಡೀ ಹೊಲಿಯುವವರಿಗೆ ಸರಿ. ರಿಪೇರಿ ಅಂದರೆ ನಾಲ್ಕು ಹೊಲಿಗೆ, ನಿಲ್ಲು, ತಿರುಗಿಸು, ಮತ್ತೆ ನಾಲ್ಕು. ಅಲ್ಲಿ ಕಾಲಿನ ನಿಧಾನವೇ ಚೆನ್ನ.

ಹಳೆಯದು ತಗೊಳ್ಳುವವರು ಬಣ್ಣ, ಪಾಲಿಶ್ ನೋಡಬೇಡಿ. ಚಕ್ರ ಕೈಯಲ್ಲಿ ತಿರುಗಿಸಿ, ಎಲ್ಲಾದರೂ ಹಿಡಿಯುತ್ತದಾ ನೋಡಿ. ಬಾಬಿನ್ ಕೇಸ್ ಇದೆಯಾ ಕೇಳಿ, ಎಷ್ಟೋ ಕಡೆ ಅದೇ ಕಳೆದಿರುತ್ತದೆ. ಇದ್ದರೆ ಬಾಬಿನ್ ಒಳಗಿಟ್ಟು, ಅದರ ದಾರ ಹಿಡಿದು ಕೇಸನ್ನು ತೂಗಿಬಿಡಿ: ಸುಮ್ನೆ ಹಿಡಿದಾಗ ನಿಲ್ಲಬೇಕು, ಸಣ್ಣದಾಗಿ ಜಗ್ಗಿದರೆ ಸ್ವಲ್ಪ ಜಾರಬೇಕು. ಬೆಲ್ಟ್ ಸಡಿಲ ಇದ್ದರೆ ಚಿಂತೆ ಬೇಡ, ಒಂದಿಷ್ಟು ಕತ್ತರಿಸಿ ಕೊಂಡಿ ಮತ್ತೆ ಹಾಕಬಹುದು. ಬಟ್ಟೆಯ ಚೂರೊಂದನ್ನು ಜೇಬಲ್ಲಿ ಒಯ್ದು ಅಲ್ಲೇ ಹೊಲಿದು ನೋಡಿ, ಎರಡೂ ಬದಿ.