ಡೇಟಾ.ಪೊಲೀಸ್.ಯುಕೆ: ಫ್ರೀ ಡೇಟಾ ಭರ್ಜರಿ, ಮ್ಯಾಪ್ ಮೇಲಿನ ಚುಕ್ಕೆ ಮಾತ್ರ ನಂಬ್ಬೇಡಿ

ಪೊಲೀಸಿಂಗ್ ಬಗ್ಗೆ ಥೀಸಿಸ್ ಮಾಡೋರು, ಇಂಗ್ಲೆಂಡಲ್ಲಿರ್ಲಿ ಊರಲ್ಲಿರ್ಲಿ, ಒಂದಲ್ಲ ಒಂದಿನ ಈ ಸೈಟಿಗೆ ಬಂದೇ ಬರ್ತೀರ, ಅದಕ್ಕೇ ಬರೀತಿದೀನಿ. ಇಂಗ್ಲೆಂಡ್, ವೇಲ್ಸ್, ನಾರ್ದರ್ನ್ ಐರ್ಲೆಂಡ್ ಪೊಲೀಸರು ದಾಖಲು ಮಾಡ್ಕೊಂಡ ಕ್ರೈಮ್‌ಗಳು ತಿಂಗಳು ತಿಂಗಳು ಇಲ್ಲಿ ಬಂದು ಬೀಳ್ತವೆ, 2010ರ ಡಿಸೆಂಬರ್‌ನಿಂದ ಇದೆ. ದುಡ್ಡು ಕೊಡೋ ಹಾಗಿಲ್ಲ, ಲಾಗಿನ್ ಇಲ್ಲ, ಎಪಿಐಗೆ (ಪ್ರೋಗ್ರಾಂ ಬರೆದು ಡೇಟಾ ಎಳ್ಕೊಳ್ಳೋ ದಾರಿ) ಕೀ ಕೂಡ ಕೇಳಲ್ಲ. ಬೇಕಾದ ಫೋರ್ಸು (ಅಂದ್ರೆ ಆಯಾ ಪ್ರದೇಶದ ಪೊಲೀಸ್ ಪಡೆ), ಬೇಕಾದ ತಿಂಗಳು ಟಿಕ್ ಮಾಡಿದ್ರೆ ಜಿಪ್ ಫೈಲ್ ಬರುತ್ತೆ, ಒಳಗಿರೋ ಸಿಎಸ್‌ವಿ ಟೇಬಲ್ ಫೈಲ್‌ನ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿದ್ರೆ ಮ್ಯಾಪ್ ತುಂಬ ಚುಕ್ಕೆ, ನೋಡೋಕೆ ಎಂಥಾ ಖುಷಿ ಅಂತೀರಾ.

ಆದ್ರೆ ಆ ಚುಕ್ಕೆ ಇರೋ ಜಾಗದಲ್ಲೇ ಕ್ರೈಮ್ ಆಗಿದೆ ಅಂತ ಅಲ್ಲ. ಲೊಕೇಶನ್ ಕಾಲಂ ನೋಡಿ, 'ಆನ್ ಆರ್ ನಿಯರ್ ಸೂಪರ್‌ಮಾರ್ಕೆಟ್', 'ಆನ್ ಆರ್ ನಿಯರ್ ಪಾರ್ಕಿಂಗ್ ಏರಿಯಾ' ಅಂತಿರುತ್ತೆ ('ಆನ್ ಆರ್ ನಿಯರ್ ಪೊಲೀಸ್ ಸ್ಟೇಷನ್' ಅಂತಾನೂ ಇದೆ, ನಗ್ಬೇಡಿ). ದೂರು ಕೊಟ್ಟೋರ ಮನೆ ಗೊತ್ತಾಗ್ಬಾರ್ದು ಅಂತ ಮೊದಲೇ ಗುರುತು ಮಾಡಿಟ್ಟ ಪಾಯಿಂಟ್‌ಗಳಲ್ಲಿ ಹತ್ತಿರದ್ದಕ್ಕೆ ಕ್ರೈಮ್‌ನ ತಳ್ಳಿರ್ತಾರೆ, ಇದೇನು ಗುಟ್ಟಲ್ಲ, ಸೈಟಲ್ಲೇ ಬರ್ದಿದಾರೆ. ಪ್ರೈವಸಿ ವಿಷ್ಯದಲ್ಲಿ ನಂದೇನೂ ತಕರಾರಿಲ್ಲ, ಸರಿಯಾಗೇ ಮಾಡಿದಾರೆ.

ತೊಂದ್ರೆ ನಮ್ಮಂಥ ಹಾಟ್‌ಸ್ಪಾಟ್ (ಕ್ರೈಮ್ ಗುಂಪುಗೂಡೋ ಸಣ್ಣ ಜಾಗ) ಹುಚ್ಚರಿಗೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತೆ ಜೊತೆಯವರು 1989ರಲ್ಲಿ ತೋರಿಸಿದ್ದೇ ಇದು, ಪೊಲೀಸರಿಗೆ ಬರೋ ಕರೆಗಳಲ್ಲಿ ಅರ್ಧದಷ್ಟು ಬರೀ ಶೇ. 3ರಷ್ಟು ವಿಳಾಸಗಳಿಂದ ಬಂದಿದ್ವು. ಆಮೇಲೆ 1995ರಲ್ಲಿ ಇನ್ನೊಬ್ಬ ಸಂಶೋಧಕ ಕೋಪರ್, ಅಂಥಾ ಜಾಗದಲ್ಲಿ ಪೊಲೀಸರು 10–15 ನಿಮಿಷ ನಿಂತ್ರೆ ಒಳ್ಳೆ ಪರಿಣಾಮ ಅಂದ್ರು. ಅಂದ್ರೆ ಯಾವ ಮೂಲೆ, ಯಾವ ಹೊತ್ತು, ಎರಡೂ ಬೇಕು. ಇಲ್ಲಿ ಮೂಲೆ ಪಕ್ಕಾ ಅಲ್ಲ, ಇನ್ನು ಹೊತ್ತು ಹೋಗ್ಲಿ ತಾರೀಖೇ ಇಲ್ಲ, ತಿಂಗಳು ಅಷ್ಟೇ. ಶನಿವಾರ ರಾತ್ರಿ ಪಬ್ ಮುಂದೆ ಆದ ಹೊಡೆದಾಟನೂ ಮಂಗಳವಾರ ಬೆಳಗ್ಗೆ ಆದದ್ದೂ ಒಂದೇ ಥರ ಕಾಣುತ್ತೆ.

ಹಾಗಂತ ಬಿಸಾಕೋ ಡೇಟಾ ಅಲ್ವೇ ಅಲ್ಲ. ಪೊಲೀಸರ ಮೂಲ ದಾಖಲೆ ಜೊತೆ ಇಟ್ಟು ನೋಡಿದ 2015ರ ಒಂದು ಸ್ಟಡಿ ಪ್ರಕಾರ ಪೋಸ್ಟ್‌ಕೋಡ್ (ಅಲ್ಲಿ ಅದು ಕೆಲವೇ ಮನೆಗಳಷ್ಟು ಸಣ್ಣದು) ಮಟ್ಟದಲ್ಲಿ ಇದು ಕೈ ಕೊಡುತ್ತೆ, ಎಲ್‌ಎಸ್‌ಒಎ ಮಟ್ಟದಲ್ಲಿ, ಅಂದ್ರೆ ಸುಮಾರು ಒಂದೂವರೆ ಸಾವಿರ ಜನ ಇರೋ ಏರಿಯಾ ಲೆಕ್ಕದಲ್ಲಿ, ಚೆನ್ನಾಗೇ ಹೊಂದುತ್ತೆ. ನನಗೆ ಅದಕ್ಕಿಂತ ಇಷ್ಟ ಆಗಿದ್ದು ಔಟ್‌ಕಮ್ ಕಾಲಂ, ಕೇಸ್ ಏನಾಯ್ತು, ಆರೋಪಿ ಸಿಗದೇ ಮುಚ್ಚಿದ್ರಾ ಅಂತ ಕ್ರೈಮ್ ಐಡಿ ಹಿಡ್ಕೊಂಡು ನೋಡ್ಬಹುದು. ಆಂಟಿ ಸೋಶಿಯಲ್ ಬಿಹೇವಿಯರ್ (ಗಲಾಟೆ, ಕಿರಿಕಿರಿ ಥರದ್ದು) ಸಾಲುಗಳಿಗೆ ಐಡಿನೂ ಇಲ್ಲ ಔಟ್‌ಕಮ್ಮೂ ಇಲ್ಲ, ಫೈಲ್ ಜೋಡಿಸೋವಾಗ ಹುಷಾರು.

ನಮ್ಮ ಕಡೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವರದಿಲಿ ಜಿಲ್ಲೆ, ದೊಡ್ಡ ನಗರದ ಮಟ್ಟಕ್ಕೆ ನಿಂತೋಗುತ್ತೆ, ಅದೂ ವರ್ಷದ ಲೆಕ್ಕ. 2016ರ ಸುಪ್ರೀಂ ಕೋರ್ಟ್ ಆದೇಶದಿಂದ ಎಫ್‌ಐಆರ್ ಆನ್‌ಲೈನ್ ಬರ್ತಿದೆ ನಿಜ, ಆದ್ರೆ ಒಂದೊಂದೇ ತೆಗೆದು ಓದಿ ಟೇಬಲ್ ಮಾಡೋರು ಯಾರು? ಅದನ್ನ ನೋಡಿದ್ಮೇಲೆ ಇದಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡ್ತೀನಿ. ನಿಮ್ಮ ಟಾಪಿಕ್ ಬೀದಿ ಮಟ್ಟದ್ದೇ ಆಗಿದ್ರೆ ಮಾತ್ರ ಮೊದಲ ಟರ್ಮ್‌ನಲ್ಲೇ ಗೈಡ್ ಹತ್ರ ಕೇಳಿ ಫೋರ್ಸ್ ಜೊತೆ ಡೇಟಾ ಶೇರಿಂಗ್ ಮಾತಾಡ್ಕೊಳ್ಳಿ, ವೆಟಿಂಗ್ (ನಿಮ್ಮ ಹಿನ್ನೆಲೆ ತಪಾಸಣೆ) ಅದೂ ಇದೂ ಅಂತ ಟೈಮ್ ತಿನ್ನುತ್ತೆ.